ನಮ್ಮ ನೀರಿಗೆ ಆರ್‌ಒ ಬೇಕಾ? ಮೊದಲು ಟೆಸ್ಟ್ ಆಗ್ಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತು ಅಂದ್ರೆ ನಮ್ಮ ಮಂಗಳೂರಿನ ಫ್ಲ್ಯಾಟುಗಳಿಗೆ ವಾಟರ್ ಫಿಲ್ಟರ್ ಮಾರುವವರು ಬರ್ಲಿಕ್ಕೆ ಶುರು ಮಾಡ್ತಾರೆ, ಅದೇ ಹೊತ್ತಿಗೆ ಅಲ್ಲಲ್ಲಿ ಕಾಮಾಲೆ ಕೇಸ್ ಬಂದ ಸುದ್ದಿಯೂ ಬರ್ತದೆ, ಜನ ಹೆದರಿ ಹದಿನೈದು ಇಪ್ಪತ್ತು ಸಾವಿರ ಕೊಟ್ಟು ಆರ್‌ಒ ಮೆಷಿನ್, ಅಂದ್ರೆ ನೀರಿನ ಲವಣವನ್ನೂ ತೆಗೆಯುವ ಫಿಲ್ಟರ್, ಗೋಡೆಗೆ ಹಾಕಿಸ್ತಾರೆ, ಇಲ್ಲದಿದ್ರೆ ಕ್ಯಾನ್ ನೀರಿಗೆ ತಿಂಗಳ ಲೆಕ್ಕ ಶುರು ಮಾಡ್ತಾರೆ. ಯಾವ ನೀರು ಕುಡಿಬೇಕು ಅಂತ ತೀರ್ಮಾನ ಮಾಡುವ ಮೊದಲು ನಮ್ಮ ನಳ್ಳಿಯಲ್ಲಿ ಅಥವಾ ಬಾವಿಯಲ್ಲಿ ಇರುವ ನೀರಿನಲ್ಲಿ ಎಂತ ಉಂಟು, ಎಂತ ಇಲ್ಲ ಅಂತ ನೋಡುವವರು ತುಂಬ ಕಮ್ಮಿ. ಇದರ ಬಗ್ಗೆ ನನಗೆ ಹೇಳ್ಲಿಕ್ಕಿದೆ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಹಾಕಿ.

ನಮ್ಮ ಕುಟುಂಬದಲ್ಲಿ ಮೂರು ನಮೂನೆಯ ನೀರು ಉಂಟು. ನಾವಿರುವುದು ಮಂಗಳೂರಿನ ಫ್ಲ್ಯಾಟಲ್ಲಿ, ಇಲ್ಲಿ ಬರುದು ತುಂಬೆ ಡ್ಯಾಮಿನ ನೇತ್ರಾವತಿ ನೀರು. ಅತ್ತೆಯವರ ಮನೆ ಬ್ರಹ್ಮಾವರದ ಕಡೆ, ಮುರಕಲ್ಲು (ನಮ್ಮ ಕಡೆಯ ಕೆಂಪುಕಲ್ಲು) ಕಡಿದು ತೋಡಿದ ಹಳೆಯ ಬಾವಿ. ಅಕ್ಕ ಬಾವ ಇರುದು ಮಲ್ಪೆಯಿಂದ ಆಚೆ ಕೋಡಿ ಕಡೆ, ಒಂದು ಬದಿ ಸಮುದ್ರ ಇನ್ನೊಂದು ಬದಿ ಹೊಳೆ. ಟಿಡಿಎಸ್ ಅಂದ್ರೆ ಒಂದು ಲೀಟರ್ ನೀರಿನಲ್ಲಿ ಕರಗಿದ ಲವಣ ಎಲ್ಲ ಸೇರಿ ಎಷ್ಟು ಮಿಲ್ಲಿಗ್ರಾಂ ಅಂತ ಲೆಕ್ಕ, ಅದನ್ನು ತೋರಿಸುವ ಒಂದೇ ಮೀಟರನ್ನು ಮೂರೂ ಕಡೆ ಅದ್ದಿ ನೋಡಿದ್ದೇನೆ, ಇನ್ನೂರು ಮುನ್ನೂರು ರೂಪಾಯಿಗೆ ಆನ್‌ಲೈನಲ್ಲಿ ಸಿಗುವ ಪೆನ್ನಿನಷ್ಟು ದೊಡ್ಡ ಮೀಟರ್ ಅದು. ನಮ್ಮ ನಳ್ಳಿಯಲ್ಲಿ ಕಾರ್ಪೊರೇಶನ್ ನೀರು ಮಾತ್ರ ಬರುವ ದಿನ ಐವತ್ತು ಅರವತ್ತರ ಆಚೀಚೆ, ಅತ್ತೆಯವರ ಬಾವಿಯಲ್ಲಿ ಅದಕ್ಕಿಂತಲೂ ಕಮ್ಮಿ, ಅಕ್ಕನಲ್ಲಿ ಏಪ್ರಿಲ್ ತಿಂಗಳಲ್ಲಿ ಸಾವಿರದ ಮೇಲೆ. ಕುಡಿಯುವ ನೀರಿಗೆ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 10500 ಪ್ರಕಾರ ಟಿಡಿಎಸ್ 500ರ ಒಳಗೆ ಇದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂತ ಆದ್ರೆ 2000ದವರೆಗೆ ನಡೀತದೆ. ಅಂದ್ರೆ ನಮ್ಮಲ್ಲಿ, ಅತ್ತೆಯವರಲ್ಲಿ ಉಪ್ಪು ತೆಗೆಯುವ ಮೆಷಿನಿಗೆ ಕೆಲಸವೇ ಇಲ್ಲ. ಅಕ್ಕನಲ್ಲಿ ಖಂಡಿತ ಉಂಟು.

ಇದಕ್ಕೆ ಕಾರಣ ನಮ್ಮ ಮಳೆ ಮತ್ತು ಮಣ್ಣು. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ಇದು. ಎಷ್ಟೋ ಕಾಲದಿಂದ ಮಳೆನೀರು ಈ ಕೆಂಪುಕಲ್ಲಿನ ಒಳಗಿನಿಂದ ಇಳಿದು ಇಳಿದು ಕರಗುವ ಸುಣ್ಣ, ಉಪ್ಪು ಎಲ್ಲ ತೊಳೆದುಕೊಂಡು ಹೋಗಿದೆ, ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಇರುವ ಮುರಕಲ್ಲು. ಹಾಗಾಗಿ ನಮ್ಮ ನೀರು ಮೆದು, ಸೋಪು ಹಾಕಿದ್ರೆ ನೊರೆ ಹೋಗುದೇ ಇಲ್ಲ, ಬೆಂಗಳೂರಿನ ನೆಂಟರು ಬಂದಾಗ ಸ್ನಾನ ಮುಗಿಸಿ ಬಂದು ಇದನ್ನೇ ಹೇಳುದು. ಅವರ ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ತದೆ, ಗೀಸರ್ ಕಾಯಿಲ್ ಸುಣ್ಣ ಹಿಡಿದು ಹಾಳಾಗ್ತದೆ. ನಮ್ಮ ಅತ್ತೆಯವರ ಹಂಡೆಯಲ್ಲಿ ಅಂಥ ಪದರ ಇಲ್ಲ. ಅದರ ಬದಲು ಹಿತ್ತಾಳೆ ನಳ್ಳಿಯ ಕೆಳಗೆ ಸಿಂಕಲ್ಲಿ ನೀಲಿ ಹಸಿರು ಕಲೆ ಬೀಳ್ತದೆ, ಜಿಐ ಪೈಪು (ಸತು ಲೇಪದ ಕಬ್ಬಿಣದ ಪೈಪು) ಒಳಗಿನಿಂದ ತಿಂದುಹೋಗ್ತದೆ, ಯಾಕಂದ್ರೆ ಕರಾವಳಿಯ ಬಾವಿ ನೀರು ಸಾಧಾರಣವಾಗಿ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಬೇಕಾದ 6.5ರಿಂದ ಕೆಳಗೆ ಇರುವ ಬಾವಿಗಳು ಬೇಕಾದಷ್ಟು ಉಂಟು. ಇಂಥ ನೀರನ್ನು ಆರ್‌ಒಗೆ ಕೊಟ್ಟು ಇದ್ದ ಸ್ವಲ್ಪ ಕ್ಯಾಲ್ಸಿಯಂ ಮೆಗ್ನೀಸಿಯಂ ಕೂಡ ತೆಗೆದು ಕುಡಿಯುದರಲ್ಲಿ ಎಂತ ಲಾಭ?

ಆರ್‌ಒ ಕೆಟ್ಟದು ಅಂತ ನಾನು ಹೇಳುದಲ್ಲ. ಕೋಲಾರ, ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಉಂಟು, ಮಕ್ಕಳ ಹಲ್ಲು ಕಲೆ ಆಗ್ತದೆ, ಮೂಳೆ ಬಾಗ್ತದೆ, ಅಲ್ಲಿ ನೀರು ಕುದಿಸಿದ್ರೆ ಆವಿ ಹೋಗಿ ಫ್ಲೋರೈಡ್ ಇನ್ನೂ ದಪ್ಪ ಆಗುದೇ ಹೊರತು ಹೋಗುದಿಲ್ಲ. ಅಲ್ಲಿಯವರಿಗೆ ಆರ್‌ಒ ಘಟಕ ಬೇಕೇ ಬೇಕು. ಆದ್ರೆ ಅಲ್ಲಿಗೆ ಹೇಳಿದ ಪರಿಹಾರವನ್ನೇ ಟಿವಿ ಜಾಹೀರಾತಲ್ಲಿ ನೋಡಿ ಕಟೀಲು ಕಾರ್ಕಳದ ಮನೆಗೂ ತರುದು ಅಂದ್ರೆ ಕಾಲುನೋವಿಗೆ ಕಣ್ಣಿನ ಡ್ರಾಪ್ಸ್ ಬಿಟ್ಟ ಹಾಗೆ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಇದನ್ನೇ ಹೇಳಿತ್ತು, ಟಿಡಿಎಸ್ 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ನಿಷೇಧ ಮಾಡ್ಬೇಕು, ಬಾಕಿ ಕಡೆ ಕನಿಷ್ಠ 60 ಶೇಕಡಾ ನೀರಾದ್ರೂ ಉಪಯೋಗಕ್ಕೆ ಸಿಗ್ಬೇಕು, ಅಂಥ ನಿಯಮ ತನ್ನಿ ಅಂತ ಕೇಂದ್ರದ ಪರಿಸರ ಸಚಿವಾಲಯಕ್ಕೆ ಹೇಳಿದ್ದು.

ನೀರು ಪೋಲಾಗುದರ ಲೆಕ್ಕ ನಮ್ಮ ಊರಿಗೆ ತುಂಬ ಮುಖ್ಯ. ಮನೆಯಲ್ಲಿ ಹಾಕುವ ಸಾಧಾರಣ ಆರ್‌ಒ ಒಂದು ಲೀಟರ್ ಕುಡಿಯುವ ನೀರು ಕೊಡ್ಲಿಕ್ಕೆ ಮೂರು ಲೀಟರ್ ಆಸುಪಾಸು ನೀರು ಹೊರಗೆ ಬಿಡ್ತದೆ. ದಿನಕ್ಕೆ 15 ಲೀಟರ್ ಬೇಕಾದ ಮನೆಯಲ್ಲಿ 45 ಲೀಟರ್ ಆ ಸಣ್ಣ ಪೈಪಿನಿಂದ ಸಿಂಕಿಗೆ ಹೋಗ್ತದೆ, ನಲವತ್ತು ಮನೆಯ ಒಂದು ಅಪಾರ್ಟ್‌ಮೆಂಟಲ್ಲಿ ಎಲ್ಲರೂ ಹಾಕಿಸಿದ್ರೆ ದಿನಕ್ಕೆ 1800 ಲೀಟರ್. 2019ರ ಬೇಸಿಗೆಯಲ್ಲಿ, ಮತ್ತೆ 2023ರ ಬೇಸಿಗೆಯಲ್ಲಿ ಮಂಗಳೂರಿಗೆ ರೇಶನಿಂಗ್ ಮಾಡಿ ನೀರು ಬಿಟ್ಟದ್ದು ಯಾರಿಗೂ ಮರೆತಿರ್ಲಿಕ್ಕಿಲ್ಲ. 2019ರ ಮೇಯಲ್ಲಿ ಉಡುಪಿಯವರಿಗೆ ಬಜೆ ಡ್ಯಾಮಿನ ತಳವೇ ಕಂಡಿತ್ತು, ಸ್ವರ್ಣಾ ನದಿಯ ಹೊಂಡಗಳಲ್ಲಿ ಉಳಿದ ನೀರನ್ನು ಪಂಪ್ ಹಾಕಿ ಎತ್ತುವ ಪರಿಸ್ಥಿತಿ. ಅಂಥ ಮೇ ತಿಂಗಳಲ್ಲಿ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿದ ಸಿಹಿನೀರಿನ ಮುಕ್ಕಾಲು ಪಾಲನ್ನು ಮೆಷಿನಿನ ಬಾಲದಿಂದ ಚರಂಡಿಗೆ ಬಿಡುದು ನನಗೆ ಸಂಕಟ ಆಗ್ತದೆ.

ಈಗ ಮಾರುವವರ ಡೆಮೋ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಹೆಚ್ಚಿನವರು ಬೀಳುದು ಅಲ್ಲೇ. ನಮ್ಮ ಪಕ್ಕದ ಫ್ಲ್ಯಾಟಿಗೆ ಒಬ್ಬ ಹುಡುಗ ಬಂದಿದ್ದ, ಪಾಪ ಸಂಬಳಕ್ಕೆ ದುಡಿಯುವವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಎರಡು ಗ್ಲಾಸು ಇಟ್ಟ, ಒಂದರಲ್ಲಿ ಅವನ ಬಾಟ್ಲಿಯ ಆರ್‌ಒ ನೀರು, ಇನ್ನೊಂದರಲ್ಲಿ ಅವರ ನಳ್ಳಿ ನೀರು, ಆ ವಾರ ನಮ್ಮ ಸಂಪಿಗೆ ಬೋರ್ ನೀರೂ ಮಿಕ್ಸ್ ಆಗಿತ್ತು. ನಾಲ್ಕು ಲೋಹದ ಕಡ್ಡಿ ಇರುವ ಒಂದು ಸಣ್ಣ ಉಪಕರಣವನ್ನು ಎರಡೂ ಗ್ಲಾಸಿಗೆ ಇಳಿಸಿ ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ನಳ್ಳಿ ನೀರಿನಲ್ಲಿ ಗುಳ್ಳೆ ಎದ್ದು, ಮೊದಲು ಹಳದಿ, ಮತ್ತೆ ಹಸಿರು ಕಂದು, ಕೊನೆಗೆ ಮೇಲೆ ಕೆಸರಿನ ಹಾಗೆ ಕೆನೆ ಕಟ್ಟಿತು. ಆರ್‌ಒ ನೀರು ಹಾಗೇ ಇತ್ತು. "ನೋಡಿ ಆಂಟಿ, ಇದನ್ನೇ ನೀವು ಮಕ್ಕಳಿಗೆ ಕುಡಿಸುದು" ಅಂದ. ಮನೆಯವರ ಮುಖ ಬಿಳಿಚಿಕೊಂಡಿತ್ತು. ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಆರ್‌ಒ ನೀರಿಗೇ ಹಾಕಿ, ಈಗ ಇನ್ನೊಮ್ಮೆ ಇಡು ಮಗಾ ಅಂದೆ. ಅದೂ ಕೆಸರಾಯಿತು, ಮೊದಲಿನದ್ದಕ್ಕಿಂತ ಬೇಗ ಆಯಿತು.

ಅದರಲ್ಲಿ ಆಗುದು ಇಷ್ಟೇ. ಆ ಕಡ್ಡಿಗಳಲ್ಲಿ ಒಂದು ಜೊತೆ ಕಬ್ಬಿಣದ್ದು, ಒಂದು ಜೊತೆ ಅಲ್ಯೂಮಿನಿಯಂದು. ನೀರಿನಲ್ಲಿ ಲವಣ ಇದ್ರೆ ಕರೆಂಟ್ ಹರಿತದೆ, ಕರೆಂಟ್ ಹರಿದಾಗ ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗಿ ನೀರಿಗೆ ಬೀಳ್ತದೆ. ಕಾಣುವ ಕೆಸರು ಕಡ್ಡಿಯದ್ದು, ನೀರಿನದ್ದಲ್ಲ. ಆರ್‌ಒ ನೀರಿನಲ್ಲಿ ಲವಣ ತೀರಾ ಕಮ್ಮಿ ಇರುದರಿಂದ ಕರೆಂಟ್ ಹೆಚ್ಚು ಹರಿಯುದಿಲ್ಲ, ಹಾಗಾಗಿ ಚೊಕ್ಕ ಕಾಣ್ತದೆ. ಶಾಲೆಯ ವಿಜ್ಞಾನ ಪಾಠದಲ್ಲಿ ಬರುವ ವಿಷಯ ಇದು, ಇದನ್ನೇ ಹಿಡಿದು ಹೆದರಿಸಿ ಸಾಮಾನು ಮಾರುದು ಅನ್ಯಾಯ. ನಿಮ್ಮ ಮನೆಗೂ ಬಂದ್ರೆ ಉಪ್ಪಿನ ಭರಣಿ ಕೈಯಲ್ಲಿ ಇಟ್ಟುಕೊಳ್ಳಿ.

ಹಾಗಾದ್ರೆ ನಮ್ಮ ನೀರಲ್ಲಿ ತೊಂದರೆಯೇ ಇಲ್ವಾ ಅಂತ ಕೇಳ್ಬಹುದು. ಉಂಟು, ದೊಡ್ಡ ತೊಂದರೆ ಉಂಟು, ಅದು ರೋಗಾಣುಗಳದ್ದು. ಅದನ್ನು ಟಿಡಿಎಸ್ ಮೀಟರ್ ತೋರಿಸುದೇ ಇಲ್ಲ. ಐವತ್ತು ತೋರಿಸುವ ನೀರಿನಲ್ಲಿ ಟೈಫಾಯ್ಡ್ ಇರಬಹುದು, ಐನೂರು ತೋರಿಸುವ ನೀರು ನಿರ್ಮಲ ಇರಬಹುದು. ಸ್ಟ್ಯಾಂಡರ್ಡ್ ಪ್ರಕಾರ 100 ಮಿಲ್ಲಿಲೀಟರ್ ನೀರಿನಲ್ಲಿ ಒಂದೇ ಒಂದು ಕೋಲಿಫಾರ್ಮ್ ಬ್ಯಾಕ್ಟೀರಿಯ (ಹೇಸಿಗೆ ಸೇರಿರಬಹುದು ಅನ್ನುವುದರ ಗುರುತು) ಕೂಡ ಕಾಣಬಾರದು. ನಮ್ಮ ಬಾವಿಗಳಲ್ಲಿ ಎಷ್ಟು ಬಾವಿ ಈ ಪರೀಕ್ಷೆಯಲ್ಲಿ ಪಾಸಾಗ್ಬಹುದು ಅಂತ ಯೋಚನೆ ಮಾಡಿ. ಮೊದಲು ಎಕರೆಗಟ್ಟಲೆ ಜಾಗದಲ್ಲಿ ಒಂದು ಮನೆ, ಬಾವಿ ಒಂದು ಮೂಲೆ, ಪಾಯಿಖಾನೆ ಇನ್ನೊಂದು ಮೂಲೆ. ಈಗ ಐದು ಸೆಂಟ್ಸ್ ಸೈಟು, ಅಂದ್ರೆ ಹತ್ತಿರ ಹತ್ತಿರ 200 ಚದರ ಮೀಟರ್, ಅದರಲ್ಲೇ ಮನೆ, ಅದರಲ್ಲೇ ಬಾವಿ, ಅದರಲ್ಲೇ ಪಾಯಿಖಾನೆಯ ಇಂಗುಗುಂಡಿ. ನಮ್ಮ ಗುಂಡಿ ನಮ್ಮ ಬಾವಿಯಿಂದ ದೂರ ಇಟ್ಟರೆ ಪಕ್ಕದವರ ಬಾವಿಗೆ ಹತ್ತಿರ ಬರ್ತದೆ. ಮುರಕಲ್ಲು ಅಂದ್ರೆ ತೂತು ತೂತು ಇರುವ ಕಲ್ಲು, ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೆ ಬಂದು ಗುಂಡಿಯ ತಳ ಮತ್ತು ಬಾವಿಯ ಒರತೆ ಒಂದೇ ಮಟ್ಟಕ್ಕೆ ಬರ್ತದೆ. ಬಗ್ಗಿ ಕೊಡಪಾನ ಅದ್ದಿದ್ರೆ ಸಿಗುವಷ್ಟು ಮೇಲೆ ಬಂದ ಬಾವಿ ನೋಡ್ಲಿಕ್ಕೆ ಎಷ್ಟು ಚಂದ, ರೋಗ ಹರಡುದು ಕೂಡ ಆಗಲೇ.

ನಳ್ಳಿ ನೀರಿನ ಕಥೆ ಬೇರೆ. ಡ್ಯಾಮಿನಿಂದ ಎತ್ತಿದ ನೀರನ್ನು ಆಲಂ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಬಿಡ್ತಾರೆ, ಆ ಹಂತದಲ್ಲಿ ಅದು ಒಳ್ಳೆ ನೀರು. ನಮ್ಮ ಲೋಟಕ್ಕೆ ಬರುವಾಗ ಅದೇ ನೀರು ಅಂತ ಹೇಳ್ಲಿಕ್ಕೆ ಆಗುದಿಲ್ಲ. ಇಪ್ಪತ್ತನಾಲ್ಕು ಗಂಟೆ ಒತ್ತಡದಲ್ಲಿ ನೀರು ಇರುವ ಪೈಪಿನಲ್ಲಿ ತೂತು ಇದ್ರೆ ನೀರು ಹೊರಗೆ ಸೋರ್ತದೆ, ಒಳಗೆ ಎಂತದೂ ಬರುದಿಲ್ಲ. ನೀರು ನಿಂತಾಗ ಪೈಪು ಖಾಲಿಯಾಗಿ ಸುತ್ತ ಇರುವುದನ್ನು ಒಳಗೆ ಎಳ್ಕೊಳ್ತದೆ, ಪಕ್ಕದಲ್ಲೇ ಒಳಚರಂಡಿ ಪೈಪು ಒಡೆದಿದ್ರೆ ಅದನ್ನೂ. ರಸ್ತೆ ಕಾಂಕ್ರೀಟು, ಗ್ಯಾಸ್ ಪೈಪು, ಕೇಬಲ್ಲು ಅಂತ ಜೆಸಿಬಿ ಅಗೆದು ಪೈಪು ಒಡೆಯದ ವಾರ ಯಾವುದು ಉಂಟು ನಮ್ಮಲ್ಲಿ? ಮತ್ತೆ ಆ ನೀರು ಬಂದು ಸೇರುದು ಅಪಾರ್ಟ್‌ಮೆಂಟಿನ ಸಂಪಿಗೆ, ಅದೇ ಸಂಪಿಗೆ ಟ್ಯಾಂಕರಿನವನು ಯಾವುದೋ ಬಾವಿಯಿಂದ ತಂದದ್ದು, ಅದಕ್ಕೇ ಬೋರ್ ನೀರು, ಅಲ್ಲಿಂದ ಮೇಲಿನ ಟ್ಯಾಂಕಿಗೆ, ಅದರ ಮುಚ್ಚಳ ಗಾಳಿಗೆ ಹಾರಿಹೋಗಿ ಎಷ್ಟು ಕಾಲ ಆಯ್ತೋ ಯಾರಿಗೂ ಗೊತ್ತಿಲ್ಲ. ಕಾರ್ಪೊರೇಶನ್ ಹಾಕಿದ ಕ್ಲೋರಿನ್ ಅಷ್ಟರಲ್ಲಿ ಎಲ್ಲಿ ಉಳೀತದೆ? ನಳ್ಳಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲ್ಲಿಗ್ರಾಂ ಕ್ಲೋರಿನ್ ಉಳಿದಿರ್ಬೇಕು ಅಂತ ಸ್ಟ್ಯಾಂಡರ್ಡ್. ನೀರಿಗೆ ಸ್ವಲ್ಪ ಬ್ಲೀಚಿಂಗ್ ವಾಸನೆ ಬಂದ್ರೆ ಜನ ದೂರು ಕೊಡ್ತಾರೆ, ನಾನು ಹೇಳುದು ಆ ವಾಸನೆ ಇದ್ರೆ ಸಮಾಧಾನ ಪಡಿ, ತುಂಬಿಸಿ ಸ್ವಲ್ಪ ಹೊತ್ತು ತೆರೆದಿಟ್ಟರೆ ಹೋಗ್ತದೆ. ನೀರು ನಿಂತು ಪುನಃ ಬಂದಾಗ ಮೊದಲು ಬರುದನ್ನು ಮಾತ್ರ ಗಿಡಕ್ಕೆ, ನೆಲ ತೊಳೆಯುದಕ್ಕೆ ಬಿಡಿ.

ಕ್ಯಾನ್ ನೀರಿನ ಬಗ್ಗೆ ನನಗೆ ಹೆಚ್ಚು ಹೇಳ್ಲಿಕ್ಕಿಲ್ಲ, ಪ್ರಯಾಣದಲ್ಲಿ ಅಥವಾ ಪೈಪು ಒಡೆದ ವಾರದಲ್ಲಿ ಬೇಕಾಗ್ತದೆ, ದಿನಾ ಮನೆಗೆ ಅದೇ ಅಂತ ಮಾಡುದು ನನಗೆ ಸರಿ ಕಾಣುದಿಲ್ಲ. ನಮ್ಮ ರಸ್ತೆಯಲ್ಲಿ 20 ಲೀಟರ್ ಕ್ಯಾನಿಗೆ ಎಪ್ಪತ್ತು ಎಂಬತ್ತು ರೂಪಾಯಿ, ಆ ದುಡ್ಡಿಗೆ ನಳ್ಳಿಯಲ್ಲಿ ಸಾವಿರಗಟ್ಟಲೆ ಲೀಟರ್ ಬರ್ತದೆ. ತೆಗೊಳ್ಳುವವರು ಐಎಸ್‌ಐ ಮಾರ್ಕ್, ಅದರ ಜೊತೆ ಐಎಸ್ 14543 ಅಂತ ನಂಬರು, ಸಿಎಂ/ಎಲ್ ಅಂತ ಶುರುವಾಗುವ ಲೈಸನ್ಸ್ ನಂಬರು, ತುಂಬಿಸಿದ ತಾರೀಕು, ಒಡೆಯದ ಸೀಲು ಇಷ್ಟು ನೋಡ್ಲೇಬೇಕು. ಈ ಮಾರ್ಕ್ ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಅಂತ ಆ್ಯಪ್ ಉಂಟು, ಆ ಲೈಸನ್ಸ್ ನಂಬರು ಹಾಕಿದ್ರೆ ನಿಜವಾ ಸುಳ್ಳಾ ಗೊತ್ತಾಗ್ತದೆ. 2024ರ ಕೊನೆಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪ್ಯಾಕೇಜ್ಡ್ ನೀರನ್ನು ಹೈ ರಿಸ್ಕ್ ಆಹಾರದ ಪಟ್ಟಿಗೆ ಸೇರಿಸಿದೆ, ಬಾಟ್ಲಿ ಅಂದ ಕೂಡಲೇ ಸುರಕ್ಷಿತ ಅಂತ ಅವರೇ ತಿಳ್ಕೊಂಡಿಲ್ಲ. ಅದೇ ವರ್ಷ ಅಮೆರಿಕದ ವಿಜ್ಞಾನಿಗಳು ಬಾಟ್ಲಿ ನೀರಲ್ಲಿ ಲೀಟರಿಗೆ ಸರಾಸರಿ ಎರಡು ಲಕ್ಷದ ನಲವತ್ತು ಸಾವಿರದಷ್ಟು ಪ್ಲಾಸ್ಟಿಕ್ ಕಣ ಲೆಕ್ಕ ಹಾಕಿದ್ರು, ಹೆಚ್ಚಿನವು ನ್ಯಾನೊ ಗಾತ್ರದ್ದು. ಇಲ್ಲಿ ನೋಡಿದ್ರೆ ಅಂಗಡಿಯವರು ತುಂಬಿದ ಕ್ಯಾನ್‌ಗಳನ್ನು ಏಪ್ರಿಲ್ ಬಿಸಿಲಲ್ಲಿ ಹೊರಗೆ ಸಾಲಾಗಿ ಇಟ್ಟಿರ್ತಾರೆ. ಮದುವೆ, ಗೃಹಪ್ರವೇಶಕ್ಕೆ ಬರುವ ಆ ದಪ್ಪ ಕೂಲ್ ಕ್ಯಾನ್ ಮಾತ್ರ ಬೇರೆಯೇ, ಅದಕ್ಕೆ ಸೀಲೂ ಇಲ್ಲ ಲೇಬಲೂ ಇಲ್ಲ, ಎಲ್ಲಿಯ ನೀರು ಅಂತ ತಂದವನಿಗೆ ಮಾತ್ರ ಗೊತ್ತು. ಕಾಮಾಲೆ ತರುವ ಹೆಪಟೈಟಿಸ್ ಎ ಒಳಗೆ ಹೋಗಿ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು, ಹಾಗಾಗಿ ಯಾವ ಫಂಕ್ಷನ್‌ನ ನೀರು, ಯಾವ ಜ್ಯೂಸಿನ ಐಸು ಅಂತ ಯಾರಿಗೂ ನೆನಪಿರುದಿಲ್ಲ, ಬೈಗಳು ಮಾತ್ರ ಮನೆಯ ಬಾವಿಗೆ ಬೀಳ್ತದೆ.

ನನ್ನ ಅಭಿಪ್ರಾಯದಲ್ಲಿ ಕರಾವಳಿಯ ಹೆಚ್ಚಿನ ಮನೆಗಳಿಗೆ ಬೇಕಾದದ್ದು ಕುದಿಸಿದ ನೀರು, ಅಷ್ಟೇ. ನಮ್ಮ ಹಿರಿಯರು ಜೀರಿಗೆ ಹಾಕಿ, ಲಾವಂಚದ ಬೇರು ಹಾಕಿ ಕುದಿಸಿ ಕುಡಿದದ್ದು ಸುಮ್ಮನೆ ಅಲ್ಲ. ಗುಳ್ಳೆ ಎದ್ದು ತಕಪಕ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟರೆ ಬ್ಯಾಕ್ಟೀರಿಯ, ವೈರಸ್, ಅಮೀಬಾ ಎಲ್ಲ ಸಾಯ್ತದೆ. ಬರೀ ಬೆಚ್ಚಗೆ ಮಾಡಿ ಇಳಿಸಿದ್ರೆ ಪ್ರಯೋಜನ ಇಲ್ಲ, ಜೀರಿಗೆಯ ಬಣ್ಣ ಬಂದದ್ದು ನೋಡಿ ಕುದ್ದಿದೆ ಅಂತ ತಿಳ್ಕೊಳ್ಳುದೂ ಸರಿಯಲ್ಲ. ಕುದಿಸಿದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸ್ಬೇಕು, ಉದ್ದ ಹಿಡಿಯ ಸೌಟಿನಲ್ಲಿ ತೆಗೀಬೇಕು, ಎಲ್ಲರೂ ಲೋಟ ಅದ್ದುದಲ್ಲ. ಮತ್ತೆ ಕುದಿಸಿದ ನೀರಿಗೆ ಬೇಗ ತಣಿಲಿ ಅಂತ ನಳ್ಳಿಯ ತಣ್ಣೀರು ಸೇರಿಸುವ ಅಭ್ಯಾಸ ಉಂಟಲ್ವಾ, ಹೋಟೆಲಲ್ಲೂ ಮನೆಯಲ್ಲೂ, ಅದೊಂದು ದಯವಿಟ್ಟು ಬಿಡಿ. ಒಂದು ಲೋಟ ತಣ್ಣೀರು ಬಿದ್ರೆ ಗ್ಯಾಸ್ ಸುಟ್ಟದ್ದೆಲ್ಲ ದಂಡ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ದಿನಾ ಕುದಿಸಿ ಆರಿಸ್ಲಿಕ್ಕೆ ಪುರುಸೊತ್ತಿಲ್ಲ ಅಂದ್ರೆ ಯುವಿ, ಅಂದ್ರೆ ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ರೋಗಾಣು ಕೊಲ್ಲುವ ಫಿಲ್ಟರ್ ಸಾಕು, ಅದಕ್ಕೆ ನೀರು ಪೋಲಾಗುದಿಲ್ಲ, ಲವಣ ಹೋಗುದಿಲ್ಲ, ಬೆಲೆಯೂ ಕಮ್ಮಿ. ಆದ್ರೆ ನೀರು ತಿಳಿಯಾಗಿರ್ಬೇಕು, ಕೆಂಪು ನೀರಲ್ಲಿ ಆ ಬೆಳಕು ಒಳಗೆ ಹೋಗುದಿಲ್ಲ, ಕರೆಂಟೂ ಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ನಿಮಗೆ ಗೊತ್ತುಂಟು. ಯುಎಫ್‌ ಅಂದ್ರೆ ತೀರಾ ಸಣ್ಣ ತೂತಿನ ಪೊರೆಯಲ್ಲಿ ಸೋಸುವ ಫಿಲ್ಟರ್, ಅದಕ್ಕೆ ಕರೆಂಟ್ ಬೇಡ, ಬ್ಯಾಕ್ಟೀರಿಯ ತಡೀತದೆ, ಕಾಮಾಲೆಯ ವೈರಸ್ ತೀರಾ ಸಣ್ಣದಾದ್ದರಿಂದ ಅದೊಂದನ್ನೇ ನಂಬುದು ಬೇಡ. ಹಳೆಯ ಕ್ಯಾಂಡಲ್ ಫಿಲ್ಟರ್ ಕೆಸರಿಗೆ ಒಳ್ಳೆಯದು, ಸೋಸಿ ಮತ್ತೆ ಕುದಿಸಿ. ಯಾವ ಮೆಷಿನೇ ಆಗ್ಲಿ ಕಾರ್ಟ್ರಿಜ್ ಬದಲಿಸುವ ಸಮಯ ದಾಟಿದ ಮೇಲೆ ಅದೇ ರೋಗಾಣು ಸಾಕುವ ಜಾಗ, ಆರ್‌ಒ ಟ್ಯಾಂಕಿಯಲ್ಲಿ ಕ್ಲೋರಿನ್ ಕೂಡ ಉಳಿಯದ ನೀರು ಊರಿಗೆ ಹೋಗಿ ಬರುವವರೆಗೆ ವಾರಗಟ್ಟಲೆ ನಿಂತರೆ ಅದನ್ನು ಚೆಲ್ಲಿ ತೊಳೆದೇ ಹೊಸತು ಹಿಡೀಬೇಕು.

ಕುದಿಸುದು ಎಲ್ಲದಕ್ಕೂ ಆಗುದಿಲ್ಲ ಅಂತಲೂ ಹೇಳ್ಬೇಕು. ಅಕ್ಕನ ಮನೆಯ ಹಾಗೆ ಅಳಿವೆ ಬದಿಯವರಿಗೆ, ಉಳ್ಳಾಲ, ಬೆಂಗ್ರೆ, ಉದ್ಯಾವರ, ಕೋಡಿಬೆಂಗ್ರೆ ಕಡೆ ಬೇಸಿಗೆಯಲ್ಲಿ ಬಾವಿಗೆ ಉಪ್ಪು ನುಗ್ಗುವ ಜಾಗದವರಿಗೆ ಪಂಚಾಯತಿನ ಸಿಹಿನೀರು ಸಿಗದಿದ್ರೆ ಆರ್‌ಒ ಬಿಟ್ಟು ಗತಿ ಇಲ್ಲ. ಅಕ್ಕನವರು ಆರ್‌ಒ ಬಿಟ್ಟ ನೀರನ್ನು ಬಕೆಟಲ್ಲಿ ಹಿಡಿದು ಪಾಯಿಖಾನೆಗೆ ಉಪಯೋಗಿಸ್ತಾರೆ, ಜೂನಿನಲ್ಲಿ ಬಾವಿ ಸಿಹಿಯಾದ ಮೇಲೆ ಮೆಷಿನ್ ಬಂದ್ ಮಾಡಿ ಕುದಿಸ್ತಾರೆ. ಫ್ಯಾಕ್ಟರಿ ಪಕ್ಕ ಇರುವವರು, ಕಸದ ಗುಡ್ಡೆ ಪಕ್ಕ ಇರುವವರು ಬ್ಯಾಕ್ಟೀರಿಯ ಮಾತ್ರ ನೋಡಿದ್ರೆ ಸಾಲದು. 2019ರ ಆಗಸ್ಟಲ್ಲಿ ಪಚ್ಚನಾಡಿಯಲ್ಲಿ ಮಂಗಳೂರಿನ ಕಸದ ಗುಡ್ಡೆ ಜರಿದು ಮಂದಾರದ ಮನೆ, ತೋಟ, ಬಾವಿಗಳ ಮೇಲೆ ಬಂದದ್ದು ನಾವೆಲ್ಲ ಕಂಡಿದ್ದೇವೆ. ಅಂಥಲ್ಲಿ ಕೆಮಿಕಲ್ ಟೆಸ್ಟ್, ಲೋಹಗಳ ಟೆಸ್ಟ್ ಆಗದೆ ಆ ಬಾವಿ ನೀರು ಕುಡೀಲೇಬಾರದು, ಕುದಿಸಿದ್ರೂ ಕೂಡ.

ಬಾವಿ ಇರುವವರು ಮಳೆಗಾಲ ಶುರುವಾದ ಮೇಲೆ ಒಮ್ಮೆಯಾದ್ರೂ ಬ್ಲೀಚಿಂಗ್ ಪೌಡರ್ ಹಾಕ್ಬೇಕು, ಆದ್ರೆ ಹೆಚ್ಚಿನವರು ಒಂದು ತೊಟ್ಟೆ ಪೌಡರನ್ನು ಮೇಲಿನಿಂದ ಸುರಿದು ಬಿಡ್ತಾರೆ, ಸುಣ್ಣ ತಳಕ್ಕೆ ಹೋಗಿ ಕೂರ್ತದೆ, ನೀರು ವಾರ ಇಡೀ ನಾರ್ತದೆ. ಲೆಕ್ಕ ಸುಲಭ ಉಂಟು. 1000 ಲೀಟರಿಗೆ ಒಳ್ಳೆ ಪೌಡರ್ ಆದ್ರೆ ಎರಡೂವರೆ ಗ್ರಾಂ. ಬಾವಿಯ ಅಗಲ 2 ಮೀಟರ್, ನೀರು 3 ಮೀಟರ್ ಇದ್ರೆ ಒಳಗೆ ಸುಮಾರು 9400 ಲೀಟರ್ ಉಂಟು, ಅದಕ್ಕೆ 24 ಗ್ರಾಂ ಸಾಕು. ನೀರು ಕಲಂಕಿದ್ರೆ ಸ್ವಲ್ಪ ಹೆಚ್ಚು ಬೇಕು. ಅದನ್ನು ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಮತ್ತೆ ನೀರು ತುಂಬಿಸಿ ಕಲಡಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸ್ಬೇಕು, ಆ ಬಕೆಟನ್ನು ಹಗ್ಗದಲ್ಲಿ ಬಾವಿಯ ನೀರಿನ ಒಳಗೆ ಇಳಿಸಿ ಮೇಲೆ ಕೆಳಗೆ ಎಳೆದು ಬೆರೆಸ್ಬೇಕು. ಕಮ್ಮಿಯಲ್ಲಿ ಒಂದು ಗಂಟೆ ಬಿಟ್ಟು ನೀರು ಎಳೀಬಹುದು. ಅತ್ತೆಯವರಲ್ಲಿ ರಾತ್ರಿ ಹಾಕಿ ಬೆಳಿಗ್ಗೆ ಎಳೆಯುದು.

ಟೆಸ್ಟ್ ಎಲ್ಲಿ ಮಾಡಿಸುದು ಅಂತ ನನ್ನಲ್ಲಿ ಕೇಳುವವರು ಸುಮಾರು ಜನ. ಜಲ ಜೀವನ್ ಮಿಷನ್ ಬಂದ ಮೇಲೆ ಸರ್ಕಾರದ ಕುಡಿಯುವ ನೀರಿನ ಲ್ಯಾಬುಗಳಲ್ಲಿ ಸಾಮಾನ್ಯ ಜನರೂ ಸಣ್ಣ ಫೀಸು ಕೊಟ್ಟು ಮಾಡಿಸ್ಬಹುದು, ಗ್ರಾಮ ಪಂಚಾಯತುಗಳಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟು ಊರಿನ ಹೆಂಗಸರಿಗೇ ತರಬೇತಿ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಕ್ಕೆ ಎಚ್2ಎಸ್ ವಯಲ್ ಅಂತ ಒಂದು ಸಣ್ಣ ಬಾಟ್ಲಿ ಉಂಟು, ಗೆರೆಯವರೆಗೆ ನೀರು ತುಂಬಿಸಿ ಮುಚ್ಚಿ ಒಂದೆರಡು ದಿನ ಮನೆಯ ಒಳಗೆ ಬೆಚ್ಚಗಿನ ಜಾಗದಲ್ಲಿ ಇಟ್ಟರಾಯ್ತು, ಕಪ್ಪಾದ್ರೆ ಹೇಸಿಗೆಯ ರೋಗಾಣು ಸೇರಿದೆ ಅಂತ ಲೆಕ್ಕ. ಅತ್ತೆಯವರ ಬಾವಿಯದ್ದು ಜನವರಿಯಲ್ಲಿ ಹಳದಿಯೇ ಉಳಿದಿತ್ತು, ಜುಲೈಯಲ್ಲಿ ಮರುದಿನ ಬೆಳಿಗ್ಗೆ ನೋಡುವಾಗಲೇ ಇದ್ದಿಲಿನ ಬಣ್ಣ. ಒಂದೇ ಬಾವಿ, ಒಂದೇ ಟಿಡಿಎಸ್. ಅಷ್ಟರವರೆಗೆ "ನಮ್ಮ ಬಾವಿ ನೀರಿಗೆ ಎಂತದೂ ಆಗುದಿಲ್ಲ, ಅಜ್ಜನ ಕಾಲದಿಂದ ಕುಡಿದದ್ದು" ಅಂತಿದ್ದ ಅತ್ತೆ ಅವತ್ತಿನಿಂದ ಕುದಿಸದೆ ಯಾರಿಗೂ ಕೊಡುದಿಲ್ಲ, ಬಂದವರಿಗೆ ಬೆಲ್ಲ ನೀರು ಕೊಡುವಾಗಲೂ ಕುದಿಸಿ ಆರಿಸಿದ್ದೇ.

ಲ್ಯಾಬಿಗೆ ಕೊಡುವವರು ಖಾಲಿ ಕೂಲ್‌ಡ್ರಿಂಕ್ ಬಾಟ್ಲಿಯಲ್ಲಿ ತಗೊಂಡು ಹೋಗ್ಬೇಡಿ, ಅವರಲ್ಲೇ ಕೇಳಿ ಸ್ಟೆರೈಲ್ ಬಾಟ್ಲಿ ತನ್ನಿ, ನಳ್ಳಿಯಲ್ಲಿ ಸ್ವಲ್ಪ ನೀರು ಹರಿಯಲು ಬಿಟ್ಟು ಹಿಡಿಯಿರಿ, ಮುಚ್ಚಳದ ಒಳಬದಿ ಮುಟ್ಟಬೇಡಿ, ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ.

ಈಗ ಆಡಳಿತದವರಿಗೆ ಮತ್ತು ನಿಮಗೆ ನನ್ನ ವಿನಂತಿ. ಹಳ್ಳಿಯಲ್ಲಿ ಸಿಗುವ ಎಚ್2ಎಸ್ ವಯಲ್ ಪೇಟೆಯ ಬಾವಿಯವರಿಗೂ ಸಿಗ್ಲಿ, ಅಂಗನವಾಡಿಯಲ್ಲಿ, ನಗರ ಆರೋಗ್ಯ ಕೇಂದ್ರದಲ್ಲಿ ಇಟ್ಟರೆ ಸಾಕು, ಬೇಕಾದವರು ದುಡ್ಡು ಕೊಟ್ಟೇ ತಗೊಳ್ತಾರೆ. ದಾನಿಗಳು ಶಾಲೆಗಳಿಗೆ ದೊಡ್ಡ ಆರ್‌ಒ ಕೊಡುವ ಮೊದಲು ಆ ಶಾಲೆಯ ನೀರಿನ ರಿಪೋರ್ಟ್ ನೋಡ್ಲಿ, ಹೆಚ್ಚಿನ ಕಡೆ ಟ್ಯಾಂಕ್ ತೊಳೆಸಿ ಯುವಿ ಹಾಕಿದ್ರೆ ಮುಗೀತದೆ. ಪೈಪು ಒಡೆದು ರಿಪೇರಿ ಆದ ಮೇಲೆ ಲೈನ್ ಫ್ಲಶ್ ಮಾಡಿ ಕ್ಲೋರಿನ್ ನೋಡದೆ ನೀರು ಬಿಡ್ಬಾರದು. ಮತ್ತೆ ಪ್ರತಿ ವಾರ್ಡಿನ ಕೊನೆಯ ಮನೆಯ ನಳ್ಳಿಯಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ, ಕೋಲಿಫಾರ್ಮ್ ಉಂಟಾ ಇಲ್ವಾ ಅಂತ ವಾರಕ್ಕೊಮ್ಮೆ ಪ್ರಕಟ ಮಾಡ್ಲಿ. ಪ್ರತಿ ಬೇಸಿಗೆಯಲ್ಲಿ ತುಂಬೆಯಲ್ಲಿ ಎಷ್ಟು ಮೀಟರ್ ನೀರು ಉಂಟು, ಬಜೆಯಲ್ಲಿ ಎಷ್ಟು ಉಂಟು ಅಂತ ನಿಮ್ಮ ಪತ್ರಿಕೆಯಲ್ಲಿ ನಾವು ನೋಡ್ತೇವೆ. ಅದರ ಕೆಳಗೆ ಇನ್ನು ಎರಡು ಸಾಲು ಸೇರಿಸಿ ಈ ಲೆಕ್ಕವನ್ನೂ ಹಾಕಿದ್ರೆ ಯಾವ ವಾರ ಯಾವ ವಾರ್ಡಿನವರು ಕುದಿಸದೆ ಕುಡೀಬಾರದು ಅಂತ ಬೆಳಿಗ್ಗೆ ಚಾ ಕುಡಿಯುವಾಗಲೇ ಗೊತ್ತಾಗ್ತದೆ. ಕಾರ್ಪೊರೇಶನ್ ಮತ್ತು ನಗರಸಭೆಯಿಂದ ಈ ಅಂಕಿಅಂಶ ಕೇಳಿ ತರಿಸಿ, ಈ ಮಳೆಗಾಲದಿಂದಲೇ ಶುರು ಮಾಡಿ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಬಿಜೈ, ಮಂಗಳೂರು